ವೇದಿಕೆ ಇಲ್ಲದ ನಾಲ್ಕು ದಿನ

ಅಜ್ಜ ನಾಲ್ಕು ಸಾಲು ಕಥೆ ಹೇಳಿ ಗಣೆಯನ್ನು ತುಟಿಗಿಟ್ಟಿದ್ದರು ಅಷ್ಟೆ. ಪಂಚಾಯಿತಿಯ ಮಾಜಿ ಅಧ್ಯಕ್ಷರು ಕುರ್ಚಿಯಿಂದ ಎದ್ದು ಬಂದು ಮೈಕಿನ ಮೇಲೆ ಅಂಗೈ ಮುಚ್ಚಿದರು.

“ಸಾಕು ಬಿಡಜ್ಜ, ಟೈಮಾತು. ಗೆಸ್ಟು ದುರ್ಗಕ್ಕೆ ಹೋಗ್ಬೇಕು.”

ಅಜ್ಜನಿಗೆ ಅರ್ಥವಾಗಲಿಲ್ಲ. ಗಣೆ ತುಟಿಯಲ್ಲೇ ಇತ್ತು, ಉಸಿರು ಎದೆಯಲ್ಲೇ ಇತ್ತು. ಅಧ್ಯಕ್ಷರು ಅವರ ತೋಳು ಹಿಡಿದು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿ ಸ್ವಾಗತ ಭಾಷಣ ಶುರು ಮಾಡಿದರು. ನಲವತ್ತು ನಿಮಿಷ ಮಾತಾಡಿದರು. ಅಷ್ಟು ಹೊತ್ತೂ ಅಜ್ಜ ವೇದಿಕೆಯ ಅಂಚಿನಲ್ಲಿ ನಿಂತೇ ಇದ್ದರು. ಕೂರಲು ಅವರಿಗೆ ಕುರ್ಚಿ ಇರಲಿಲ್ಲ, ಇಳಿದು ಹೋಗಲು ಯಾರೂ ಹೇಳಲಿಲ್ಲ.

ಅವರನ್ನು ಕರೆತಂದವಳು ನಾನು. ತಾಳ್ಯ ಹೋಬಳಿಯ ನಮ್ಮ ಊರಿನ ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ಚಿತ್ರದುರ್ಗದ ಒಂದು ಸಣ್ಣ ಸಂಸ್ಥೆ ವರ್ಷಕ್ಕೊಮ್ಮೆ ಕಲಾವಿದರನ್ನು ಹಳ್ಳಿಗೆ ಕಳಿಸಿ ನಾಲ್ಕು ದಿನ ಅಲ್ಲೇ ಉಳಿಸುತ್ತದೆ. ನಮ್ಮೂರಿನಲ್ಲಿ ಅವರ ಊಟ, ವಸತಿ, ಕಾರ್ಯಕ್ರಮ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗಣೆ ಅಂದರೆ ತೋಳಿಗಿಂತ ಉದ್ದದ ಬಿದಿರಿನ ಕೊಳಲು. ಮಾರಿಕಣಿವೆ ಕಡೆಯ ಗೊಲ್ಲರ ಹಟ್ಟಿಗಳಲ್ಲಿ ತಮ್ಮ ದೇವರ ಕಥೆಯನ್ನು ಅದರ ಜೊತೆ ಹೇಳುತ್ತಾರೆ. ನಾಲ್ಕು ಸಾಲು ಬಾಯಲ್ಲಿ, ಆಮೇಲೆ ಒಂದಷ್ಟು ಹೊತ್ತು ಗಣೆಯಲ್ಲಿ. ಅದರ ದನಿ ಬಲು ಮೆತ್ತಗೆ, ದನಿಗಿಂತ ಉಸಿರೇ ಹೆಚ್ಚು. ಆ ಸಂಜೆ ಸಮುದಾಯ ಭವನದಲ್ಲಿ ಮೈಕ್ ಸೆಟ್ಟಿನ ಗುಂಯ್ ಶಬ್ದದ ನಡುವೆ ಊದಲು ಬಿಟ್ಟಿದ್ದರೂ ಅದು ಕುರ್ಚಿಗಳ ಮೂರನೇ ಸಾಲಿಗೂ ಕೇಳುತ್ತಿರಲಿಲ್ಲ.

ಕಲಾವಿದರು ಆರು ಜನ ಅಂತ ನಾನು ಆರು ಶಾಲು ತಂದಿದ್ದೆ. ಅಧ್ಯಕ್ಷರು ಹೇಳದೆ ಕೇಳದೆ ಇನ್ನೊಬ್ಬ ಅತಿಥಿಯನ್ನು ಕರೆತಂದಿದ್ದರು. ಅಜ್ಜನ ಶಾಲು ಆ ಅತಿಥಿಯ ಹೆಗಲಿಗೆ ಹೋಯಿತು. ಮಾರನೆಯ ದಿನ ಪತ್ರಿಕೆಯಲ್ಲಿ ಬಂದ ಫೋಟೊದಲ್ಲಿ ಅಜ್ಜ ಇರಲಿಲ್ಲ. ಗಣೆಯ ತುದಿ ಮಾತ್ರ ಒಂದು ಮೂಲೆಯಲ್ಲಿತ್ತು, ಯಾರೋ ಕೋಲು ಹಿಡಿದು ನಿಂತಂತೆ.

ಬಸ್ಸು ಹತ್ತಿಸಲು ಹೋದಾಗ ಅಜ್ಜ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಒಂದು ವರ್ಷ ನಾನು ಆ ಅಂಗೈಯನ್ನು ಮರೆಯಲಿಲ್ಲ. ಅಧ್ಯಕ್ಷರ ಅವಧಿ ಮುಗಿದು ಎಷ್ಟೋ ಕಾಲವಾಗಿದ್ದರೂ ಊರು ಅವರನ್ನು ಅಧ್ಯಕ್ಷರು ಅಂತಲೇ ಕರೆಯುತ್ತದೆ. ಬೆಳಿಗ್ಗೆ ಪೇಪರ್ ಓದಲು ಅವರು ಗ್ರಂಥಾಲಯಕ್ಕೆ ಬರುತ್ತಾರೆ. ಅವರು ಬರುವ ಹೊತ್ತಿಗೆ ಜಿಲ್ಲೆಯ ಸುದ್ದಿ ಇರುವ ಪುಟವನ್ನು ತೆಗೆದು ಮೇಜಿನ ಖಾನೆಗೆ ಹಾಕಿಡುತ್ತಿದ್ದೆ. ಅವರು ಹುಡುಕಾಡುವುದನ್ನು ನೋಡುತ್ತ ರಿಜಿಸ್ಟರ್ ಬರೆಯುತ್ತಿದ್ದೆ. ಇಷ್ಟು ಸಣ್ಣ ಸೇಡಿನಿಂದ ಹೊಟ್ಟೆ ತುಂಬುತ್ತಿರಲಿಲ್ಲ.

ಮರುವರ್ಷ ಸಂಸ್ಥೆಯಿಂದ ಅದೇ ಫಾರಂ ಬಂತು. ಕಲಾವಿದರ ಹೆಸರು, ವಸತಿ, ಊಟ, ಆಮೇಲೆ ವೇದಿಕೆ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿ. ಕೊನೆಯ ನಾಲ್ಕು ಸಾಲನ್ನು ಹಾಗೇ ಖಾಲಿ ಬಿಟ್ಟೆ. ಬಿಟ್ಟ ಮೇಲೆ ಆ ಖಾಲಿ ಜಾಗವನ್ನು ನೋಡುತ್ತ ಕೂತೆ. ಅಧ್ಯಕ್ಷರಿಂದ ವೇದಿಕೆ ಕಿತ್ತುಕೊಳ್ಳುವುದು ನನ್ನ ಕೈಲಾಗದ ಕೆಲಸ. ಆದರೆ ವೇದಿಕೆಯೇ ಇಲ್ಲದಿದ್ದರೆ ಅವರು ಎಲ್ಲಿ ನಿಲ್ಲುತ್ತಾರೆ?

ಮೊದಲು ಅಜ್ಜನನ್ನು ಒಪ್ಪಿಸಬೇಕಿತ್ತು. ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಹಿರಿಯೂರು ಬಸ್ಸು ಹತ್ತಿ, ಮಾರಿಕಣಿವೆ ಇನ್ನೂ ದೂರವಿರುವಾಗಲೇ ಇಳಿದು ನಡೆದೆ. ಅಜ್ಜ ಹಟ್ಟಿಯ ತಮ್ಮ ಮನೆ ಮುಂದೆ ಹಗ್ಗ ಹೊಸೆಯುತ್ತಿದ್ದರು. ಗಣೆ ಒಳಗೋಡೆಯಲ್ಲಿ ಬಟ್ಟೆ ಸುತ್ತಿಕೊಂಡು ನೇತಾಡುತ್ತಿತ್ತು. ಬಟ್ಟೆಯ ಮೇಲೆ ಧೂಳು ಕೂತಿತ್ತು. ಹೋದ ವರ್ಷದಿಂದ ಅವರು ಅದನ್ನು ಮುಟ್ಟಿಲ್ಲ ಅಂತ ಸೊಸೆ ಹೇಳಿದಳು.

“ಯಾಕಜ್ಜ ಮುಟ್ಟಿಲ್ಲ?” ಅಂದೆ.

“ಕಥೆ ಅರ್ಧಕ್ಕೆ ನಿಂತೈತಲ್ಲ ತಾಯಿ. ದೇವರು ದನ ಅಟ್ಕಂಡು ನೀರು ಹುಡುಕ್ತಾ ಹಳ್ಳದ ದಂಡೆಗೆ ಬಂದಿದ್ದ. ದನ ಇನ್ನೂ ನೀರು ಕುಡ್ದಿಲ್ಲ. ಅಲ್ಲೇ ನಿಂತವೆ.”

ಅಧ್ಯಕ್ಷರು ಮುಚ್ಚಿದ್ದು ಮೈಕನ್ನು ಅಂತ ತಿಳಿದಿದ್ದೆ. ಒಂದು ವರ್ಷದಿಂದ ಒಂದು ಹಿಂಡು ದನ ಹಳ್ಳದ ದಂಡೆಯಲ್ಲಿ ಬಾಯಾರಿ ನಿಂತಿತ್ತು.

“ಇಲ್ಲೇ ಮುಗಿಸಬಹುದಿತ್ತಲ್ಲ ಅಜ್ಜ?”

“ಎಲ್ಲಿ ನಿಂತ್ತೋ ಆ ಊರಾಗೇ ಮುಗೀಬೇಕು. ನೀನು ಕರೀತೀಯ ಅಂದ್ರೆ ಬತ್ತೀನಿ. ಆ ಕಬ್ಬಿಣದ ಕಡ್ಡಿ ಮಾತ್ರ ನನ್ನ ಮುಂದೆ ಇಡಬ್ಯಾಡ.”

“ಮೈಕೂ ಇಲ್ಲ, ವೇದಿಕೆಯೂ ಇಲ್ಲ ಅಜ್ಜ,” ಅಂದೆ. ನನ್ನ ದನಿ ಜೋರಾಗಿತ್ತೇನೋ. ಅವರು ಹಗ್ಗ ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ಯಾರ ಮೇಲೋ ಸಿಟ್ಟೈತೆ ನಿಂಗೆ. ಇರ್ಲಿ. ಕಥೆ ಹೇಳಾಗ ಅದನ್ನ ಹೊರಗೆ ಬಿಟ್ಟು ಬಾ.”

ಬಿಡುತ್ತೇನೆ ಅಂದೆ. ಬಿಡುವ ಮನಸ್ಸು ನನಗಿರಲಿಲ್ಲ.

ಆ ವರ್ಷ ನಾಲ್ವರು ಕಲಾವಿದರು. ಅಜ್ಜ, ಮಾಡದಕೆರೆ ಕಡೆಯ ಇಬ್ಬರು ಸೋಬಾನೆ ಹೇಳುವ ಹೆಂಗಸರು, ಮತ್ತೆ ದುರ್ಗದ ಡೋಲಕ್ ಸಾಹೇಬರು. ಸಾಹೇಬರ ಮನೆತನ ತಲೆಮಾರುಗಳಿಂದ ಡೋಲಕ್ಕಿಗೂ ತಬಲಕ್ಕೂ ಚರ್ಮ ಬಿಗಿಯುತ್ತ ಬಂದದ್ದು. ಆತಿಥ್ಯದ ಕೆಲಸಕ್ಕೆ ನನ್ನದೇ ಒಂದು ಪಟ್ಟಿ ಇರುತ್ತದೆ. ಯಾರು ಏನು ಉಣ್ಣುತ್ತಾರೆ, ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಮೊಣಕಾಲು ನೋವಿರುವವರಿಗೆ ಯಾವ ಮನೆಯ ಶೌಚಾಲಯ ಹತ್ತಿರ, ನಮಾಜಿಗೆ ಸದ್ದಿಲ್ಲದ ಮೂಲೆ ಎಲ್ಲಿದೆ. ಅಜ್ಜ ಗಣೆಯನ್ನು ನೆಲಕ್ಕೆ ಇಡುವುದಿಲ್ಲ, ಆದ್ದರಿಂದ ಅವರು ಮಲಗುವ ಕಡೆ ಎತ್ತರದಲ್ಲಿ ಒಂದು ಗಟ್ಟಿ ಮೊಳೆ ಬೇಕು. ಮಲಗಲು, ಅಡುಗೆಗೆ ಸಮುದಾಯ ಭವನ; ಮಧ್ಯಾಹ್ನದ ಊಟಕ್ಕೆ ದಿನಕ್ಕೊಂದು ಮನೆ. ಹೀಗೆ ಬರೆದುಕೊಂಡಿದ್ದೆ.

ಕಲಾವಿದರು ಬರಲು ವಾರವಿರುವಾಗ ಅಧ್ಯಕ್ಷರು ಗ್ರಂಥಾಲಯಕ್ಕೆ ಬಂದು ನನ್ನೆದುರು ಕೂತರು.

“ಏನಮ್ಮ ಮೇಡಂ, ಪ್ರೋಗ್ರಾಮ್ ಐತಂತೆ. ಇನ್ವಿಟೇಶನ್ ಪ್ರೂಫ್ ತೋರಿಸ್ರಿ, ಹೆಸರು ಹಿಂದೆ ಮುಂದೆ ಆದ್ರೆ ಸರಿ ಮಾಡಾಣ.”

“ಇನ್ವಿಟೇಶನ್ ಮಾಡಿಸಿಲ್ಲ ಸಾರ್.”

“ಮತ್ತೆ ಉದ್ಘಾಟನೆ ಯಾರದು?”

“ಉದ್ಘಾಟನೆ ಇಲ್ಲ ಸಾರ್. ವೇದಿಕೇನೂ ಇಲ್ಲ. ಕಲಾವಿದರು ಬರ್ತಾರೆ, ನಾಲ್ಕು ದಿನ ಇರ್ತಾರೆ, ಜನ ಕೂತು ಕೇಳ್ತಾರೆ.”

ಅವರು ನಕ್ಕರು. “ಉದ್ಘಾಟನೆ ಇಲ್ದೆ ಪ್ರೋಗ್ರಾಮ್ ಹೆಂಗೆ ಶುರುವಾಗ್ತೈತ್ರಿ?”

“ಅಜ್ಜ ಬಾಯಿ ತೆಗೆದಾಗ ಶುರುವಾಗುತ್ತೆ.”

ನಗು ನಿಂತಿತು. ಪೇಪರ್ ಮಡಿಚಿಟ್ಟು ಎದ್ದು ಹೋದರು.

ಮರುದಿನ ಸಮುದಾಯ ಭವನದ ಬೀಗದ ಕೈ ಕಳೆದುಹೋಯಿತು. ಕಾವಲುಗಾರ ಜೇಬು ತಡಕಿ ತೋರಿಸಿ, “ನಾನೇನ್ ಮಾಡ್ಲಿ ಮೇಡಂ” ಅಂತ ನೆಲ ನೋಡಿದ. ಅದರ ಮಾರನೆಯ ದಿನ ಊಟಕ್ಕೆ ಒಪ್ಪಿದ್ದ ಎರಡು ಮನೆಯವರು ನೆಂಟರು ಬರುತ್ತಾರೆ ಅಂತ ಹೇಳಿಕಳಿಸಿದರು. ಎರಡೂ ಮನೆಯ ಗಂಡಸರು ಅಧ್ಯಕ್ಷರ ಟ್ರ್ಯಾಕ್ಟರ್ ಓಡಿಸುತ್ತಾರೆ. ಮೂರನೆಯ ದಿನ ಸಂಸ್ಥೆಯ ಸಂಯೋಜಕರಿಂದ ಫೋನ್ ಬಂತು.

“ನಿಮ್ಮೂರಿನ ದೊಡ್ಡವರು ನಮ್ಮ ಮೇಲಿನವರಿಗೆ ಹೇಳಿಸಿದಾರೆ ಮೇಡಂ. ಕೊನೇ ದಿನ ಒಂದು ಹತ್ತು ನಿಮಿಷ ಅವರಿಗೆ ಕೊಟ್ಟುಬಿಡಿ. ನಮಗೂ ಕಷ್ಟ ಆಗುತ್ತೆ.”

ನಾಳೆ ಹೇಳುತ್ತೇನೆ ಅಂದೆ.

ಮಲಗಲು ಜಾಗವಿಲ್ಲ, ಅಡುಗೆಗೆ ಒಲೆಯಿಲ್ಲ, ಬರುವವರು ನಾಲ್ಕು ಜನ. ಆ ಸಂಜೆ ಊರಾಚೆಯ ಜನತಾ ಮನೆಗಳ ಸಾಲಿಗೆ ಹೋದೆ. ಅಲ್ಲಿಯವರೆಲ್ಲ ಕೂಲಿಯವರು. ಅಲ್ಲಿನ ಒಬ್ಬ ಅಕ್ಕ ಗ್ರಂಥಾಲಯಕ್ಕೆ ಮಗಳ ಜೊತೆ ಬರುತ್ತಿದ್ದಳು. ಅವಳ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ.

“ನಮ್ಮನೇಲಿ ಇರ್ಲಿ ಬಿಡ್ರಿ. ಸೋಬಾನೆಯೋರು ಪಕ್ಕದ ಮನೇಲಿ ಇರ್ತಾರೆ,” ಅಂದಳು.

“ನಾಳೆ ಅಧ್ಯಕ್ಷರು ನಿಮ್ಮನ್ನ ಕೆಲಸಕ್ಕೆ ಕರೀದೆ ಹೋದ್ರೆ?”

ಅವಳು ಹೊಲದ ಕಡೆ ಕೈ ತೋರಿಸಿದಳು. “ಈರುಳ್ಳಿ ಕೀಳಾಕೆ ಬಂದೈತೆ. ಮೇಲೆ ಮೋಡ ಐತೆ. ಈ ವಾರ ಅವ್ರು ನಮ್ಮನ್ನ ಕರೀದೆ ಇನ್ಯಾರನ್ನ ಕರೀತಾರೆ? ಅವ್ರೇ ಬಂದು ಬಾಗ್ಲಾಗೆ ನಿಂತ್ಕಂತಾರೆ.”

ಅವಳ ಮನೆ ಎರಡು ಕೋಣೆಯದು. ಒಳಕೋಣೆಯಲ್ಲಿ ಒತ್ತಿ ಕೂತರೆ ಮೂವತ್ತು ಜನ. ಬಾಗಿಲು ತಗ್ಗು; ನಾನು ಸಹ ತಲೆ ಬಗ್ಗಿಸಬೇಕು. ಅಲ್ಲಿ ನಿಂತು ಆ ಬಾಗಿಲನ್ನು ನೋಡುವಾಗ ಮನಸ್ಸು ಗಟ್ಟಿಯಾಯಿತು. ಮರುದಿನ ಸಂಯೋಜಕರಿಗೆ ಫೋನ್ ಮಾಡಿದೆ.

“ಕೊನೇ ದಿನ ನಾಲ್ಕು ಗಂಟೆಗೆ ಬರಲಿ. ಹತ್ತು ನಿಮಿಷ ಕೊಡೋಣ. ಬೇಕಿದ್ರೆ ಅತಿಥಿಗಳನ್ನೂ ಕರ್ಕೊಂಡು ಬರಲಿ.”

ಅದು ಸುಳ್ಳು. ಹತ್ತು ನಿಮಿಷ ಕೊಡುವ ಉದ್ದೇಶ ನನಗಿರಲಿಲ್ಲ. ಅವರು ಯಾರನ್ನು ಮೆಚ್ಚಿಸಬೇಕೋ ಅಂಥವರನ್ನು ಕರೆತರಲಿ, ಅವರ ಮುಂದೆ ನಿಲ್ಲಲು ಜಾಗವಿಲ್ಲದೆ ಒದ್ದಾಡಲಿ ಅಂತಲೇ ಹೇಳಿದೆ. ಫೋನ್ ಇಟ್ಟಾಗ ನನಗೆ ಹಸಿವಾಯಿತು. ವಾರದಲ್ಲಿ ಮೊದಲ ಬಾರಿ ಹೊಟ್ಟೆ ತುಂಬ ಉಂಡೆ.

ಕಲಾವಿದರು ಬಂದರು. ಬಂದ ದಿನವೇ ಸಾಹೇಬರು ಮನೆಯೊಳಗೆಲ್ಲ ಓಡಾಡಿ ಗೋಡೆ ತಟ್ಟಿ ನೋಡಿದರು. “ಛಲೋ ಆಯ್ತಮ್ಮ. ಆ ಭವನದಾಗೆ ನನ್ನ ಡೋಲಕ್ಕು ಡಬ್ಬಾ ಆಗ್ತಿತ್ತು,” ಅಂದರು. ಗಣೆಗೆ ಯಾವ ಕೋಣೆ, ಯಾವ ಹೊತ್ತು ಸರಿ ಅಂತ ಅವರೂ ನಾನೂ ಸೇರಿ ಲೆಕ್ಕ ಹಾಕಿದೆವು. ಫ್ಯಾನ್ ತಿರುಗಿದರೆ ಗಣೆ ಕೇಳುವುದಿಲ್ಲ. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿದರೆ ಮುಗಿದೇ ಹೋಯಿತು. ಶೀಟಿನ ಮೇಲೆ ಕೋಳಿ ನಡೆದರೂ ಸದ್ದು. ಹೆಂಗಸರು ಕೂಲಿಯಿಂದ ಬಂದು ಒಲೆ ಹಚ್ಚುವ ಮೊದಲಿನ ಹೊತ್ತು, ನಾಲ್ಕರಿಂದ ಐದೂವರೆ, ಸರಿ ಅಂತ ತೀರ್ಮಾನವಾಯಿತು. ಆ ಹೊತ್ತಿಗೆ ಅಕ್ಕನ ಮಾತಿನಂತೆ ಸಾಲಿನ ಹನ್ನೊಂದು ಮನೆಯವರು ಕೋಳಿಗಳನ್ನು ಬುಟ್ಟಿ ಕೆಳಗೆ ಮುಚ್ಚಿದರು.

ಮೊದಲ ಎರಡು ದಿನ ಸೋಬಾನೆ, ಡೋಲಕ್. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಜನ ಬಂದರು. ಕೂಲಿಯಿಂದ ಬಂದವರು ಕೈಯಲ್ಲಿ ಈರುಳ್ಳಿ ವಾಸನೆ ಇಟ್ಟುಕೊಂಡೇ ಕೂತು ಸೊಲ್ಲು ಹಿಡಿದರು. ಅಕ್ಕ ಹೇಳಿದ್ದು ನಿಜವಾಯಿತು: ಎರಡನೆಯ ಬೆಳಿಗ್ಗೆ ಅಧ್ಯಕ್ಷರೇ ಸಾಲಿಗೆ ಬಂದು ಕೆಲಸಕ್ಕೆ ಕರೆದರು. “ಮೂರೂವರೆಗೆ ಬಿಡ್ಬೇಕು,” ಅಂದಳು ಅಕ್ಕ. ಅವರು ಒಪ್ಪಿದರು.

ಮೂರನೆಯ ದಿನ ಅಜ್ಜ ಕೂತರು. ಮೊಳೆಯಿಂದ ಗಣೆ ಇಳಿಸಿ ಬಟ್ಟೆ ಬಿಚ್ಚಿ ನೀರು ಚಿಮುಕಿಸಿ ಒರೆಸಿದರು. ಊದಿದರೆ ದನಿ ಬರಲಿಲ್ಲ. ಮತ್ತೆ ಊದಿದರು, ಬರೀ ಗಾಳಿ. ವರ್ಷವಿಡೀ ಒಣಗಿದ ಬಿದಿರಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಅಜ್ಜ ಗಣೆಯನ್ನು ತೊಡೆಯ ಮೇಲಿಟ್ಟುಕೊಂಡರು. ನನಗೆ ಅಜ್ಜನ ಮೇಲಿನ ಮರುಕಕ್ಕಿಂತ ಮೊದಲು ಬಂದ ಯೋಚನೆ, ನಾಳೆ ಅಧ್ಯಕ್ಷರು ಬಂದಾಗ ಕಥೆ ನಡೆಯದಿದ್ದರೆ ಅವರೇ ಗೆದ್ದ ಹಾಗೆ ಅನ್ನುವುದು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಸಾಹೇಬರು ಎದ್ದು ಬಂದರು. “ತಾತ, ಒಂದ್ಸಲ ಕೊಡ್ರಿ. ನಾನು ಊದಲ್ಲ, ನೋಡ್ತೀನಿ.” ಅಜ್ಜ ಅದನ್ನು ಬೇರೆಯವರ ಕೈಗೆ ಕೊಡುವವರಲ್ಲ. ಗಣೆಯನ್ನು ತಾವೇ ಹಿಡಿದುಕೊಂಡು ಸೀಳಿದ ಜಾಗವನ್ನು ಮಾತ್ರ ಅವರ ಕಡೆ ಚಾಚಿದರು. ಸಾಹೇಬರು ತಮ್ಮ ಚೀಲದಿಂದ ಮೇಣ ತೆಗೆದು ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ ಸೀಳಿನ ಉದ್ದಕ್ಕೂ ಉಗುರಿನಿಂದ ತುಂಬಿದರು. ಮೇಲೆ ಡೋಲಕ್ಕಿಗೆ ಸುತ್ತುವ ಸಣ್ಣ ದಾರವನ್ನು ಬಿಗಿಯಾಗಿ ಹತ್ತು ಸುತ್ತು ಸುತ್ತಿದರು. ಅಜ್ಜ ಅಷ್ಟು ಹೊತ್ತೂ ಕೈ ಅಲುಗಿಸಲಿಲ್ಲ. “ಒಂದು ರಾತ್ರಿ ಒದ್ದೆ ಬಟ್ಟೇಲಿ ಇರ್ಲಿ, ನಾಳೆ ಮಾತಾಡ್ತೈತೆ,” ಅಂದರು ಸಾಹೇಬರು.

ನಾಲ್ಕನೆಯ ದಿನ ನಾನು ನಾಲ್ಕಕ್ಕೆ ಕಾಯಲಿಲ್ಲ. ಮೂರೂಮುಕ್ಕಾಲಿಗೇ ಅಜ್ಜನನ್ನು ಕೂರಿಸಿದೆ. ಕೋಣೆ ತುಂಬಿ ಮುಂಕೋಣೆಯೂ ತುಂಬಿತ್ತು. ಹೊಸ್ತಿಲಿನಾಚೆ ಅಂಗಳದಲ್ಲಿ ಮಾತ್ರ ಜಾಗ. ಗಣೆ ಮೊದಲು ಕೆಮ್ಮಿದಂತೆ ಮಾಡಿ ಆಮೇಲೆ ಉಸಿರಾಡಿತು. ಅಜ್ಜ ಮೊದಲಿನಿಂದ ಶುರು ಮಾಡಲಿಲ್ಲ. ಹಳ್ಳದ ದಂಡೆಯಿಂದಲೇ ಎತ್ತಿಕೊಂಡರು.

ಎರಡು ಕಾರು ಬಂದು ನಿಂತದ್ದು ನನಗೆ ಕಿಟಕಿಯಿಂದ ಕಂಡಿತು. ನಾನು ಹೊರಗೆ ಹೋಗಿ ಬಾಗಿಲ ಪಕ್ಕ ನಿಂತೆ. ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿದ್ದರು. ಜೊತೆಗೆ ದುರ್ಗದ ಕಡೆಯ ಒಬ್ಬ ಹಿರಿಯ ಮುಖಂಡರು, ಒಬ್ಬ ಫೋಟೊಗ್ರಾಫರ್, ಅಧ್ಯಕ್ಷರ ಕೈಯಲ್ಲಿ ಶಾಲಿನ ಪೆಟ್ಟಿಗೆ. ಬರುವ ಚುನಾವಣೆಯಲ್ಲಿ ಅಧ್ಯಕ್ಷರಿಗೆ ಟಿಕೆಟ್ ಕೊಡಿಸಬೇಕಾದವರು ಆ ಮುಖಂಡರೇ ಅಂತ ಊರಿಗೆಲ್ಲ ಗೊತ್ತಿತ್ತು. ಅಧ್ಯಕ್ಷರು ಅತ್ತ ಇತ್ತ ನೋಡಿದರು. ಶಾಮಿಯಾನ ಇಲ್ಲ, ಕುರ್ಚಿ ಇಲ್ಲ, ಬ್ಯಾನರ್ ಇಲ್ಲ.

“ಎಲ್ರಿ ಸ್ಟೇಜು?” ಅಂದರು ಮೆಲ್ಲಗೆ.

“ಇಲ್ಲ ಅಂತ ಹೇಳಿದ್ದೆನಲ್ಲ ಸಾರ್.”

“ಹತ್ತು ನಿಮಿಷ ಅಂದಿದ್ರಂತಲ್ಲ.”

“ಕಥೆ ನಡೀತಾ ಐತೆ. ಒಳಗೆ ಬರ್ರಿ, ಹತ್ತು ನಿಮಿಷ ಕೇಳ್ರಿ.”

ಅವರ ಕುತ್ತಿಗೆ ಕೆಂಪಾದದ್ದನ್ನು ನಾನು ಕಣ್ತುಂಬ ನೋಡಿದೆ. ಅವರು ಬಾಗಿಲಿಗೆ ಬಂದು, ತಲೆ ಬಗ್ಗಿಸಿ, “ಸ್ವಲ್ಪ ನಿಲ್ಸಜ್ಜ” ಅಂದರು. ಒಳಗೆ ಒಬ್ಬರೂ ತಿರುಗಲಿಲ್ಲ. ಅಜ್ಜ ಕಣ್ಣು ಮುಚ್ಚಿಕೊಂಡಿದ್ದರು. ಅಕ್ಕ ಮಾತ್ರ ಕೂತಲ್ಲಿಂದಲೇ ಕೈ ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು. ಬೆಳಿಗ್ಗೆ ಅದೇ ಕೈ ಅವರ ಹೊಲದಲ್ಲಿ ಈರುಳ್ಳಿ ಕಿತ್ತು ಬಂದಿತ್ತು.

ಅವರು ಇನ್ನೊಮ್ಮೆ ಬಾಯಿ ತೆರೆಯುವ ಮೊದಲು ನಾನು ಎಣಿಸಿರದ್ದು ಒಂದು ನಡೆಯಿತು. ಮುಖಂಡರು ಚಪ್ಪಲಿ ಬಿಟ್ಟು ಹೊಸ್ತಿಲ ಪಕ್ಕದ ಅಂಗಳದಲ್ಲಿ, ಮಣ್ಣಿನ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತರು. “ಗಣೆ ಅಲ್ವೇನಪ್ಪ ಇದು? ನಮ್ಮಜ್ಜಿ ಊರಲ್ಲಿ ಕೇಳಿದ್ದೆ. ಕುಂತ್ಕೊ, ಮಾತಾಡಬ್ಯಾಡ,” ಅಂದರು.

ಮುಖಂಡರು ಕೂತ ಮೇಲೆ ಅಧ್ಯಕ್ಷರು ನಿಂತಿರುವಂತಿಲ್ಲ. ಬಿಳಿ ಪಂಚೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೆಲ ನೋಡಿದರು. ಬುಟ್ಟಿ ಕೆಳಗಿನ ಕೋಳಿ ಆ ಹೊತ್ತಿಗೆ ಒಮ್ಮೆ ಕೊಕ್ಕರಿಸಿತು. ಅವರು ನನ್ನ ಕಡೆ ನೋಡಿದರು. ಬಂದವರಿಗೆ ಹಾಸಲು ತಂದಿದ್ದ ಎರಡು ಚಾಪೆ ನನ್ನ ಕಂಕುಳಲ್ಲೇ ಇದ್ದವು. ಅವರಿಗೂ ಕಂಡವು. ನಾನು ಅಲುಗಲಿಲ್ಲ. ಅವರು ಮಣ್ಣಿನಲ್ಲಿ ಕೂತರು, ಶಾಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು.

ಒಂದು ಗಂಟೆ ಕೂತರು. ಫೋಟೊಗ್ರಾಫರ್ ಒಂದು ಫೋಟೊ ತೆಗೆಯಲು ಹೋದ, ಮುಖಂಡರು ಬೇಡ ಅಂತ ತಲೆಯಾಡಿಸಿದರು. ಒಳಗೆ ದೇವರು ಹಳ್ಳಕ್ಕಿಳಿದ. ದನ ಒಂದೊಂದಾಗಿ ಬಂದವು. ಅಜ್ಜ ಪ್ರತಿ ದನದ ಹೆಸರು ಹೇಳಿ, ಪ್ರತಿಯೊಂದಕ್ಕೂ ಒಂದು ಉಸಿರು ಗಣೆಯಲ್ಲಿ ಊದಿದರು. ಅವು ನೀರು ಕುಡಿಯುವುದು ಅಂಗಳದವರೆಗೂ ಕೇಳುತ್ತಿತ್ತು. ನಾನು ಸಿಟ್ಟನ್ನು ಹೊರಗೆ ಬಿಟ್ಟು ಬರುತ್ತೇನೆ ಅಂತ ಮಾತು ಕೊಟ್ಟಿದ್ದೆ. ನಾನೇ ಹೊರಗೆ ನಿಂತಿದ್ದೆ, ಸಿಟ್ಟಿನ ಜೊತೆ. ಅರ್ಧ ಕಥೆಯನ್ನು ನಾನು ಅಧ್ಯಕ್ಷರ ಮುಖ ನೋಡುವುದರಲ್ಲಿ ಕಳೆದೆ. ಆ ಅರ್ಧ ನನಗೆ ಇನ್ನೂ ಗೊತ್ತಿಲ್ಲ.

ಮಂಗಳ ಹೇಳಿ ಮುಗಿಸಿದಾಗ ಮುಖಂಡರು ಒಳಗೆ ಹೋಗಿ ಅಜ್ಜನಿಗೆ ಕೈ ಮುಗಿದು, ಏನೂ ಮಾತಾಡದೆ ಹೊರಬಂದರು. ಅಧ್ಯಕ್ಷರು ಎದ್ದು ಪೆಟ್ಟಿಗೆ ಬಿಚ್ಚಲು ಹೋದರು. “ಇನ್ನೇನು ಮಾತು. ಹೋಗಾಣ,” ಅಂದರು ಮುಖಂಡರು. ಕಾರುಗಳು ಹೋದವು. ಕಾರು ಹತ್ತುವಾಗ ಅಧ್ಯಕ್ಷರ ಪಂಚೆಯ ಹಿಂಭಾಗದಲ್ಲಿ ದೊಡ್ಡ ಮಣ್ಣಿನ ಕಲೆ ಇತ್ತು.

ಸಂಸ್ಥೆಯವರು ಆಮೇಲೆ ನನಗೆ ಆ ಫಾರಂ ಕಳಿಸಲಿಲ್ಲ. ನಾನು ಕಾರಣ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಧ್ಯಕ್ಷರು ಪೇಪರ್ ಓದಲು ಬರುವುದನ್ನು ಬಿಟ್ಟಿದ್ದಾರೆ. ಜಿಲ್ಲೆಯ ಪುಟ ಈಗ ಮೇಜಿನ ಮೇಲೇ ಇರುತ್ತದೆ.

ಕಥೆ ಮುಗಿದ ಮಾರನೆಯ ಬೆಳಿಗ್ಗೆ ಅಜ್ಜನನ್ನು ಬಸ್ಸಿಗೆ ಬಿಡಲು ಹೋದೆ. ಈ ಸಲ ಅವರು ಮಾತಾಡುತ್ತಲೇ ಇದ್ದರು. ಅಕ್ಕನ ಮನೆಯ ಮುದ್ದೆ, ಸಾಹೇಬರ ಮೇಣ, ನೀರು ಕುಡಿದ ದನ. ಅಧ್ಯಕ್ಷರು ಮಣ್ಣಿನಲ್ಲಿ ಕೂತದ್ದನ್ನು ಅವರ ಬಾಯಿಂದ ಕೇಳಬೇಕು ಅಂತ ನಾನು ಕಾಯುತ್ತಿದ್ದೆ. ಬಸ್ಸು ತಿರುವಿನಲ್ಲಿ ಕಂಡಾಗ ಕೇಳಿದರು.

“ಬಾಗ್ಲ ಹೊರಗೆ ಬಿಳಿ ಬಟ್ಟೆಯೋರು ಒಬ್ರು ಪೆಟ್ಟಿಗೆ ಹಿಡ್ಕಂಡು ಕುಂತಿದ್ರಲ್ಲವ್ವ, ಯಾರವರು?”

ನಾನು ಅವರ ಮುಖ ನೋಡಿದೆ. ಅವರು ನಿಜಕ್ಕೂ ಕೇಳುತ್ತಿದ್ದರು. ಹೋದ ವರ್ಷ ತಮ್ಮ ತೋಳು ಹಿಡಿದು ಸರಿಸಿದ ಮನುಷ್ಯನ ಮುಖ ಅವರಿಗೆ ನೆನಪಿರಲಿಲ್ಲ. ನೆನಪಿದ್ದದ್ದು ದನ ಮಾತ್ರ.

“ಊರಿನವರು ಅಜ್ಜ,” ಅಂದೆ.

“ವಯಸ್ಸಾದೋರು ಪಾಪ, ಅಷ್ಟೊತ್ತು ಕುಂತಿದ್ರು. ಕೂರಾಕೆ ಏನಾದ್ರೂ ಹಾಸಿ ಕೊಟ್ಟೆಯಾ?”

ಬಸ್ಸು ಬಂದು ನಿಂತಿತು. ಕಂಡಕ್ಟರ್ ಅಜ್ಜನ ಗಂಟು ಒಳಗೆ ತೆಗೆದುಕೊಂಡ. ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಉತ್ತರಕ್ಕೆ ನಿಂತಿದ್ದರು.

“ಕೊಟ್ಟೆ ಅಜ್ಜ,” ಅಂದೆ.